ಅಪ್ಪನ ಗಾಲಿ, ಆರ್ಯಭಟನ ಬಾಣ

ಹೊಂಗನೂರಿನ ಮನೆಯ ಅಟ್ಟ ಗುಡಿಸುವಾಗ ಅಪ್ಪ ಮಾಡಿದ್ದ ಎತ್ತಿನ ಗಾಡಿ ಸಿಕ್ಕಿತು. ಹಾಲೆ ಮರದ್ದು, ಗೇಣುದ್ದ, ಹಳದಿ-ಕೆಂಪು ಅರಗು. ಚನ್ನಪಟ್ಟಣದಲ್ಲಿ ಜೀವನಪೂರ್ತಿ ಲೇತ್ ಮೇಲೆ ಗೊಂಬೆ ಕಡೆದ ಅಪ್ಪ, ಮಾರೋಕಲ್ಲದೆ ನನಗೇ ಅಂತ ಮಾಡಿದ್ದು ಇದೊಂದೇ. ಅವರು ಹೋಗಿ ಆರು ವರ್ಷ. ಗಾಡಿಯ ಒಂದು ಗಾಲಿ ಕಾಣೆ, ಇನ್ನೊಂದರ ಅಂಚಿನ ಚೂರಷ್ಟೇ ಉಳಿದಿತ್ತು.

ಅಪ್ಪನ ಜೊತೆ ಕೆಲಸ ಮಾಡಿದ್ದ ದೊಡ್ಡಪ್ಪ "ಹೊಸಾ ಜೋಡಿ ಕಡೆದುಕೊಡ್ತೀನಿ, ಅಳತೆ ಹೇಳು" ಅಂದರು. ಚೂರಲ್ಲಿ ಕೇಂದ್ರವೇ ಇಲ್ಲ, ಅಳತೆ ಎಲ್ಲಿಂದ ತರೋದು?

ಆಗ ನೆನಪಾಗಿದ್ದು ಎಂದೋ ಉರು ಹೊಡೆದಿದ್ದ ಪ್ರಮೇಯ. ವೃತ್ತದೊಳಗೆ ಎರಡು ಜ್ಯಾಗಳು ಒಂದನ್ನೊಂದು ಕತ್ತರಿಸಿದರೆ, ಒಂದರ ಎರಡು ತುಂಡುಗಳ ಗುಣಲಬ್ಧವೂ ಇನ್ನೊಂದರದ್ದೂ ಸಮ. ಯೂಕ್ಲಿಡ್‌ನ ಮೂರನೇ ಪುಸ್ತಕದ 35ನೆಯದು. ತುದಿಗಳನ್ನು ಸೇರಿಸಿ ಗೆರೆ ಎಳೆದು ನೋಡಿ: ಎದುರುಬದುರಾಗಿ ಎರಡು ತ್ರಿಭುಜ ಬರುತ್ತವೆ. ಒಂದೇ ಕಂಸದ ಮೇಲಿನ ಕೋನಗಳು ಸಮ ಇರೋದರಿಂದ ಅವು ಸಮರೂಪ. ಅಷ್ಟೇ ಗುಟ್ಟು.

ಆರ್ಯಭಟ 499ರಲ್ಲಿ ಇದರದ್ದೇ ಒಂದು ರೂಪ ಕೊಟ್ಟಿದ್ದಾನೆ: ಎರಡು ಶರಗಳ ಗುಣಲಬ್ಧ ಅರ್ಧಜ್ಯಾದ ವರ್ಗಕ್ಕೆ ಸಮ. ಜ್ಯಾ ಅಂದ್ರೆ ಬಿಲ್ಲಿನ ಹೆದೆ, ಶರ ಅಂದ್ರೆ ಬಾಣ. ನನ್ನ ಚೂರು ಪುಟ್ಟ ಬಿಲ್ಲಿನ ಹಾಗೇ ಇತ್ತು! ಹೆದೆಯ ಮಧ್ಯದಿಂದ ಅಂಚಿಗೆ ಇರೋದು ಒಂದು ಬಾಣ. ಹಿಂದಕ್ಕೆ, ಮುರಿದುಹೋದ ಭಾಗದಲ್ಲಿದ್ದದ್ದು ಇನ್ನೊಂದು. ಎರಡೂ ಕೂಡಿದರೆ ವ್ಯಾಸ.

ಚೂರಿನ ನಯವಾದ ಭಾಗದ ಮೇಲಷ್ಟೇ ಸ್ಕೇಲ್ ಇಟ್ಟೆ. ಹೆದೆ 32 ಮಿ.ಮೀ., ಬಾಣ 3. ಅರ್ಧ ಹೆದೆಯ ವರ್ಗ 256, ಅದನ್ನು 3ರಿಂದ ಭಾಗಿಸಿದರೆ ಸುಮಾರು 85. ವ್ಯಾಸ 88. ದೊಡ್ಡಪ್ಪ ಕಡೆದರು, ಅರಗು ಹಚ್ಚಿದರು, ಕೇದಗೆ ಎಲೆಯಲ್ಲಿ ಉಜ್ಜಿ ಹೊಳಪು ಕೊಟ್ಟರು. ಗಾಡಿಗೆ ಹಾಕಿದರೆ ಎತ್ತುಗಳು ಮುಗ್ಗರಿಸಿ ಬೀಳೋ ಹಾಗೆ ಮುಂದಕ್ಕೆ ಬಾಗಿದವು.

ಸೂತ್ರ ತಪ್ಪಿರಲಿಲ್ಲ, ಬಾಣ 4 ಇತ್ತು. ಒಂದೇ ಒಂದು ಮಿ.ಮೀ. ತಪ್ಪಿಗೆ ವ್ಯಾಸದಲ್ಲಿ 20 ಮಿ.ಮೀ. ದಂಡ! ಇಷ್ಟು ಚಿಕ್ಕ ಸಂಖ್ಯೆಯಿಂದ ಭಾಗಿಸಿದರೆ ತಪ್ಪು ಉಬ್ಬದೆ ಇರುತ್ತಾ? (ಇಂಥ ಕೋಡ್ ಬೇರೆಯವರು ಬರೆದಿದ್ದರೆ ರಿವ್ಯೂನಲ್ಲಿ ನಾನೇ ಬೈತಿದ್ದೆ.) ಈ ಸಲ ಚೂರಿನ ತುದಿಯಿಂದ ತುದಿಗೆ ದಾರ ಎಳೆದೆ. ಹೆದೆ 60, ಬಾಣ 18. 900ನ್ನು 18ರಿಂದ ಭಾಗಿಸಿದರೆ 50, ವ್ಯಾಸ 68. ಇಲ್ಲಿ ಬಾಣವನ್ನು 17 ಅಂತ ಓದಿದ್ದರೂ ವ್ಯಾಸ 70 ದಾಟುತ್ತಿರಲಿಲ್ಲ.

"ನಿಮ್ಮಪ್ಪ ಆಗಿದ್ರೆ ಚೂರನ್ನ ಒಂದೊಂದೇ ಹಳೇ ಗಾಲಿ ಮೇಲಿಟ್ಟು, ಅಂಚಿಗೆ ಅಂಚು ಕೂಡೋದನ್ನ ಆರಿಸ್ತಿದ್ದ" ಅಂದರು ದೊಡ್ಡಪ್ಪ. ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ನೀನು ಇಂಜಿನಿಯರ್ ಅಲ್ವೇನಪ್ಪ" ಅಂತ ನಕ್ಕರು.

68ರ ಗಾಲಿಗಳು ಕೂತವು, ಎತ್ತುಗಳು ನೆಟ್ಟಗೆ ನಿಂತಿವೆ. 88ರ ಜೋಡಿಯನ್ನ ಮಗಳು ಎತ್ಕೊಂಡು ಹೋಗಿದ್ದಾಳೆ. ಅದಕ್ಕೆ ತಕ್ಕ ಗಾಡಿ ಬೇಕಂತೆ.