ಗಾಲಿ ಗುಂಯ್‌ಗುಟ್ಟಿದಾಗ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರ ಮುಟ್ಟಲು ಸುಮಾರು 35 ಕಿಲೋಮೀಟರ್. ಸಣ್ಣ ಕಾರಿನ ಗಾಲಿ ಒಂದು ಸುತ್ತು ಉರುಳಿದರೆ ಕಾರು ಸುಮಾರು 1.75 ಮೀಟರ್ ಮುಂದೆ ಹೋಗುತ್ತದೆ. ಹಾಗಾದರೆ ಕೆಂಪು ಬಾಳೆಹಣ್ಣಿನ ಆ ಊರು ತಲುಪುವಷ್ಟರಲ್ಲಿ ಒಂದೊಂದು ಗಾಲಿ ಎಷ್ಟು ಸುತ್ತು ತಿರುಗಿರುತ್ತದೆ? ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೇ ಈ ಲೆಕ್ಕ ಕೊಡಿ. ಉತ್ತರ 20,000. ಹೋಗಿ ಬಂದರೆ 40,000. ತಿಂಗಳಿಗೆ 25 ದಿನ ಹೀಗೆ ಓಡಾಡುವ ಕಾರಿನ ಗಾಲಿ ಒಂದೇ ತಿಂಗಳಲ್ಲಿ ಹತ್ತು ಲಕ್ಷ ಸುತ್ತು ಮುಗಿಸಿರುತ್ತದೆ. ಅದೂ ಬರಿಗಾಲಿಯಲ್ಲ. ಮನೆಮಂದಿ ಕೂತ ಕಾರು 1,200 ಕಿಲೋ ತೂಗಿದರೆ ಪ್ರತಿ ಗಾಲಿಯ ಪಾಲಿಗೆ ಸರಾಸರಿ 300 ಕಿಲೋ ಭಾರ.

ಇಷ್ಟು ಭಾರ ಹೊತ್ತು ಇಷ್ಟು ಸುತ್ತು ಹಾಕಿದರೂ ಗಾಲಿಯ ನಡುಭಾಗ ಕಾದು ಕೆಂಪಾಗುವುದಿಲ್ಲ. ಕಾರಣ, ಒಳಗೆ ಕೂತಿರುವ ಬೇರಿಂಗ್. ಹಳೆಯ ಕಾಲದ ಬಂಡಿಯಲ್ಲಿ ಗಾಲಿಯ ಗುಂಬ ನೇರವಾಗಿ ಅಚ್ಚಿನ ಮೇಲೆಯೇ ಉಜ್ಜುತ್ತಿತ್ತು. ಆ ಉಜ್ಜಾಟ ತಗ್ಗಿಸಲೆಂದೇ ಕೀಲೆಣ್ಣೆ ಹಾಕುತ್ತಿದ್ದರು. 1794ರಲ್ಲಿ ವೇಲ್ಸ್ ಪ್ರಾಂತ್ಯದ ಫಿಲಿಪ್ ವಾನ್ ಎಂಬಾತ ಅಚ್ಚಿಗೂ ಗಾಲಿಗೂ ನಡುವೆ ಗುಂಡುಗಳನ್ನು ಇಡುವ ಉಪಾಯಕ್ಕೆ ಪೇಟೆಂಟ್ ಪಡೆದ. ಉಜ್ಜುವ ಜಾಗದಲ್ಲಿ ಉರುಳುವಿಕೆ ಬಂತು. ಇಂದಿನ ಬೇರಿಂಗಿನ ತಿರುಳೂ ಅದೇ. ಒಂದು ಒಳಬಳೆ, ಒಂದು ಹೊರಬಳೆ, ನಡುವೆ ಉಕ್ಕಿನ ಗುಂಡುಗಳು ಅಥವಾ ಉರುಳೆಗಳು, ಸುತ್ತ ಗ್ರೀಸ್, ಎರಡೂ ಕಡೆ ಧೂಳು ತಡೆಯುವ ಸೀಲ್. ಅಷ್ಟೆ.

ಸೀಲ್ ಹರಿದರೆ ಬೇರಿಂಗಿನ ಆಯುಸ್ಸು ಮುಗಿಯಿತು ಎನ್ನಿ. ನಮ್ಮ ಕಡೆಯ ಕಪ್ಪು ಮಣ್ಣು ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳು, ಮಳೆಗಾಲದಲ್ಲಿ ಅಂಟು ಕೆಸರು. ಎರಡೂ ಗ್ರೀಸಿಗೆ ಸೇರಿದರೆ ಸಾಣೆ ಹಿಡಿದಂತೆ. ಗುಂಡಿಗೆ ಜೋರಾಗಿ ಇಳಿದ ಗಾಲಿ, ಆಳದ ನೀರಿನಲ್ಲಿ ಹಾದ ಗಾಡಿ, ತೊಳೆಯುವಾಗ ಗಾಲಿಯ ನಡುವಿಗೇ ಹಿಡಿದ ನೀರಿನ ರಭಸದ ಪೈಪು, ಇವೆಲ್ಲ ಸೀಲಿನ ಶತ್ರುಗಳು.

ಬೇರಿಂಗ್ ಕೆಟ್ಟಿದ್ದು ಗೊತ್ತಾಗುವುದು ಕಿವಿಗೆ. ಒಂದೇ ಸಮನೆ ಗುಂಯ್ ಎಂಬ ಸದ್ದು. ಗಾಡಿಯ ವೇಗ ಏರಿದಂತೆ ಸದ್ದೂ ಏರುತ್ತದೆ, ಗೇರ್ ಬದಲಿಸಿದರೆ ಮಾತ್ರ ಬದಲಾಗುವುದಿಲ್ಲ. ಟೈರಿನ ಸದ್ದೂ ಹೀಗೆಯೇ ಕೇಳಿಸುವುದುಂಟು. ಆದರೆ ಒರಟು ರಸ್ತೆಯಿಂದ ನುಣುಪಾದ ಡಾಂಬರಿಗೆ ಬಂದಾಗ ಟೈರಿನ ಸದ್ದು ಬದಲಾಗುತ್ತದೆ, ಬೇರಿಂಗಿನದು ಹಾಗೆಯೇ ಉಳಿಯುತ್ತದೆ. ಬಲಕ್ಕೆ ತಿರುಗಿಸಿದಾಗ ಭಾರ ಎಡಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡಗಡೆಯ ಬೇರಿಂಗ್ ಮೇಲೆ ಸಂಶಯ. ಇದು ಸುಳಿವು ಮಾತ್ರ, ತೀರ್ಪಲ್ಲ. ಗಾಲಿಯನ್ನು ನೆಲದಿಂದ ಎತ್ತಿಸಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ. ಟಕ್ ಟಕ್ ಎಂದು ಅಲುಗಾಡಿದರೆ, ಇಲ್ಲವೇ ಗಾಲಿ ತಿರುಗಿಸುವಾಗ ಸ್ಪ್ರಿಂಗಿನ ಮೇಲಿಟ್ಟ ಕೈಗೆ ಗರಗರ ಕಂಪನ ತಾಗಿದರೆ, ಸಂಶಯ ಬಲವಾಯಿತು. ಅಲುಗಾಟ ಬಾಲ್ ಜಾಯಿಂಟ್ ಸಡಿಲಾದರೂ ಬರುವುದರಿಂದ ಬಿಚ್ಚುವ ಮೊದಲು ಅದನ್ನೂ ನೋಡಬೇಕು. ಇಂಥ ಬೇರಿಂಗನ್ನು ‘ನಡೀತದೆ ಬಿಡು’ ಎಂದು ಓಡಿಸಬಾರದು. ಅದು ಪೂರ್ತಿ ಸವೆದರೆ ಬಿಗಿಹಿಡಿಯಬಹುದು, ಗಾಲಿಯೇ ಸಡಿಲಾಗಬಹುದು.

ಇದನ್ನು ಮನೆಯಂಗಳದಲ್ಲಿ ಬದಲಿಸಬಹುದೇ? ಬದಲಿಸಬಹುದು. ಆದರೆ ಮೊದಲು ನಿಮ್ಮ ಕಾರಿನಲ್ಲಿರುವುದು ಯಾವ ಬಗೆ ಎಂದು ರಿಪೇರಿ ಪುಸ್ತಕ ನೋಡಿ ತಿಳಿದುಕೊಳ್ಳಿ. ಸ್ಥೂಲವಾಗಿ ಮೂರು ಬಗೆ. ಹಳೆಯ ಗಾಡಿಗಳಲ್ಲಿ ಕಾಣುವ, ನಟ್ ಬಿಗಿದು ಸಡಿಲಿಸಿ ಹೊಂದಿಸುವ ಓರೆ ಉರುಳೆಯ ಜೋಡಿ ಬೇರಿಂಗ್ ಒಂದು. ಹಬ್ಬಿನ ಜೊತೆಗೇ ಒಂದೇ ತುಂಡಾಗಿ ಬಂದು ನಾಲ್ಕು ಬೋಲ್ಟ್‌ಗಳಲ್ಲಿ ಕೂರುವುದು ಇನ್ನೊಂದು. ಇದು ಮನೆಯಲ್ಲಿ ಮಾಡಲು ಎಲ್ಲಕ್ಕಿಂತ ಸುಲಭ. ಮೂರನೆಯದು, ಗಾಲಿಯನ್ನು ಹೊತ್ತಿರುವ ಗಟ್ಟಿ ಲೋಹದ ಭಾಗದೊಳಗೆ (ಗ್ಯಾರೇಜಿನವರು ನಕಲ್ ಅನ್ನುತ್ತಾರೆ) ಬಿಗಿಯಾಗಿ ಒತ್ತಿ ಕೂರಿಸಿದ ಬೇರಿಂಗ್. ಕಷ್ಟವಿರುವುದು ಇದರಲ್ಲೇ.

ಕಷ್ಟವೇನೆಂದು ತಿಳಿಯಲು ಒಂದು ನಿಯಮ ನೆನಪಿಟ್ಟರೆ ಸಾಕು: ಒತ್ತುವ ಬಲ ಗುಂಡುಗಳ ಮೂಲಕ ಹಾಯಬಾರದು. ಬೇರಿಂಗನ್ನು ನಕಲ್‌ನೊಳಗೆ ಕೂರಿಸುವಾಗ ಬಿಗಿ ಇರುವುದು ಹೊರಬಳೆಗೆ, ಆದ್ದರಿಂದ ಹೊರಬಳೆಯನ್ನೇ ಒತ್ತಬೇಕು. ಆಮೇಲೆ ಹಬ್ಬನ್ನು ಬೇರಿಂಗಿನೊಳಗೆ ಕೂರಿಸುವಾಗ ಬಿಗಿ ಇರುವುದು ಒಳಬಳೆಗೆ, ಆಗ ಹಿಂದಿನಿಂದ ಒಳಬಳೆಗೇ ಆಸರೆ ಕೊಡಬೇಕು. ಅದಲುಬದಲಾದರೆ ಟನ್ನುಗಟ್ಟಲೆ ಬಲ ಗುಂಡುಗಳ ಮೇಲೆ ಹಾಯ್ದು, ಬಳೆಯ ನುಣುಪು ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಬೀಳುತ್ತವೆ. ಸ್ವೀಡನ್ನಿನ ಎಂಜಿನಿಯರ್ ಯೊಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಲೋಹದ ಗಡಸುತನ ಅಳೆಯಲು ಇದನ್ನೇ ಬಳಸಿದ. ಗುಂಡೊಂದನ್ನು ಲೋಹಕ್ಕೆ ಒತ್ತಿ, ಬಿದ್ದ ಕುಳಿಯ ಅಗಲ ಅಳೆದ. ಬೇರಿಂಗಿನ ಈ ರೋಗಕ್ಕೆ ಬ್ರಿನೆಲಿಂಗ್ ಎಂದೇ ಹೆಸರು. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಹೊಸ ಬೇರಿಂಗ್ ಕೆಲವೇ ದಿನಗಳಲ್ಲಿ ಮತ್ತೆ ಗುಂಯ್‌ಗುಡುವುದು ಇದೇ ಕಾರಣಕ್ಕೆ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.

ಸರಿಯಾದ ಸಲಕರಣೆ ಬೇಕು ಅನ್ನುವುದು ಇದಕ್ಕಾಗಿ. ಗಟ್ಟಿ ಜಾಕ್, ಎರಡು ಸ್ಟ್ಯಾಂಡ್, ದೊಡ್ಡ ನಟ್ಟಿಗೆ ಸರಿಹೊಂದುವ ಸಾಕೆಟ್ ಮತ್ತು ಉದ್ದ ಹಿಡಿಕೆ, ಹಬ್ ಎಳೆಯಲು ಸ್ಲೈಡ್ ಹ್ಯಾಮರ್ ಅಥವಾ ಪುಲ್ಲರ್, ಸರ್ಕ್ಲಿಪ್ ಇಕ್ಕಳ, ಟಾರ್ಕ್ ರೆಂಚ್. ಒತ್ತುವುದಕ್ಕೆ ಒಂದೋ ಹೈಡ್ರಾಲಿಕ್ ಪ್ರೆಸ್, ಇಲ್ಲವೇ ಉದ್ದ ತಿರುಪು ಮತ್ತು ಬಗೆಬಗೆಯ ಅಳತೆಯ ಬಿಲ್ಲೆಗಳಿರುವ ಬೇರಿಂಗ್ ಸೆಟ್. ಆ ಬಿಲ್ಲೆಗಳ ಕೆಲಸವೇ ಬಲವನ್ನು ಬೇಕಾದ ಬಳೆಗಷ್ಟೇ ಮುಟ್ಟಿಸುವುದು.

ಕೆಲಸ ಶುರುಮಾಡುವಾಗ ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಶರಣಬಸವೇಶ್ವರರ ತೇರು ಎಳೆಯುವಾಗ ಗಾಲಿಗೆ ಮರದ ದಿಮ್ಮಿ ಕೊಡುವವರನ್ನು ನೋಡಿದ್ದೀರಲ್ಲ, ನೆಲದ ಮೇಲುಳಿಯುವ ಗಾಲಿಗಳಿಗೆ ಹಾಗೆಯೇ ಹಿಂದೆ ಮುಂದೆ ದಿಮ್ಮಿ ಕೊಡಿ. ನಡುವಿನ ದೊಡ್ಡ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನೊಮ್ಮೆ ಅಲುಗಿಸಿ ನೋಡಿದ ಹೊರತು ಯಾರೂ ಕೈ ಹಾಕಕೂಡದು. ತಂದೆತಾಯಿಗಳು ಈ ಒಂದು ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ಕೊಡಬೇಡಿ.

ಗಾಲಿ ಬಿಚ್ಚಿ, ಬ್ರೇಕಿನ ಕ್ಯಾಲಿಪರ್ ಕಳಚಿ, ಅದನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಪೈಪಿನ ಮೇಲೆ ಜೋತುಬಿಡಬಾರದು. ಡಿಸ್ಕ್ ತೆಗೆದು ಹಬ್ ಎಳೆದಾಗ ಹಳೆಯ ಬೇರಿಂಗಿನ ಒಳಬಳೆ ಹಬ್ಬಿಗೇ ಅಂಟಿಕೊಂಡು ಬರುವುದು ಸಾಮಾನ್ಯ. ಅದನ್ನು ಪುಲ್ಲರಿನಿಂದ ತೆಗೆಯಬೇಕು. ಹೀಗೆ ಎಳೆದ ಬೇರಿಂಗನ್ನು ಮತ್ತೆ ಬಳಸುವಂತಿಲ್ಲ. ಸರ್ಕ್ಲಿಪ್ ತೆಗೆದು ಹೊರಬಳೆ ಒತ್ತಿ ಹೊರಹಾಕಿ, ಗೂಡನ್ನು ಒರೆಸಿ, ಗೀರಿದೆಯೇ ಎಂದು ಬೆರಳಾಡಿಸಿ ನೋಡಿ.

ಇಲ್ಲಿ ವಿದ್ಯಾರ್ಥಿಗಳಿಗೆ ಇನ್ನೊಂದು ಲೆಕ್ಕ. ಬಂಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಯಿಸಿ ಹಾಕುವುದನ್ನು ಹಿರಿಯರು ಬಲ್ಲರು. ಕಾದು ಹಿಗ್ಗಿದ ಹಳಿ ತಣಿದಾಗ ಬಿಗಿಯುತ್ತದೆ. ಬೇರಿಂಗಿಗೆ ಅದರ ತಿರುವು. 70 ಮಿಲಿಮೀಟರ್ ವ್ಯಾಸದ ಉಕ್ಕಿನ ಬಳೆಯನ್ನು 40 ಡಿಗ್ರಿ ಬಿಸಿಲಿನಿಂದ ತೆಗೆದು ಫ್ರಿಜ್ಜಿನ ಮೈನಸ್ 15 ಡಿಗ್ರಿಯ ಖಾನೆಯಲ್ಲಿಟ್ಟರೆ ವ್ಯಾಸ ಸುಮಾರು 0.045 ಮಿಲಿಮೀಟರ್ ಕುಗ್ಗುತ್ತದೆ. ಕೂದಲೆಳೆಯಷ್ಟು ಎನ್ನಿ, ಆದರೂ ಕೂರಿಸುವುದು ಹಗುರಾಗುತ್ತದೆ. ಪೊಟ್ಟಣ ಬಿಚ್ಚದೆಯೇ ಇಡಿ, ಒಳಗೆ ತೇವ ಸೇರಬಾರದು. ಬೇರಿಂಗಿಗೆ ಬೆಂಕಿ ಮಾತ್ರ ತೋರಿಸಬೇಡಿ, ಸೀಲೂ ಗ್ರೀಸೂ ಸುಟ್ಟುಹೋಗುತ್ತವೆ.

ಈಚಿನ ಕಾರುಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಬ್ರೇಕ್ ಹಾಕಿದಾಗ ಗಾಲಿ ಜಾರದಂತೆ ನೋಡುವ ಎಬಿಎಸ್ ವ್ಯವಸ್ಥೆ 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ಇಂಥ ಹಲವು ಕಾರುಗಳಲ್ಲಿ ಗಾಲಿಯ ವೇಗ ಅಳೆಯುವ ಅಯಸ್ಕಾಂತದ ಪಟ್ಟಿ ಬೇರಿಂಗಿನ ಒಂದು ಮಗ್ಗುಲಿನ ಸೀಲಿನಲ್ಲೇ ಇರುತ್ತದೆ. ಆ ಮಗ್ಗುಲು ಸೆನ್ಸರಿನ ಕಡೆಗೇ ಬರಬೇಕು. ತಿರುವುಮುರುವಾಗಿ ಕೂರಿಸಿದರೆ ಸೆನ್ಸರಿಗೆ ವೇಗ ತಿಳಿಯದು, ಡ್ಯಾಶ್‌ಬೋರ್ಡಿನ ದೀಪ ಉರಿಯುತ್ತದೆ. ಬಿಚ್ಚಿ ಮತ್ತೆ ಮಾಡಬೇಕೆಂದರೆ ಆ ಹೊಸ ಬೇರಿಂಗೂ ಹೋದಂತೆಯೇ.

ಕೊನೆಯದು ನಟ್. ಅದಕ್ಕೆ ಹೊಸದನ್ನೇ ಹಾಕಿ, ರಿಪೇರಿ ಪುಸ್ತಕದಲ್ಲಿರುವ ಟಾರ್ಕಿಗೇ ಬಿಗಿಯಿರಿ. 200 ನ್ಯೂಟನ್ ಮೀಟರ್ ಎಂದಿದ್ದರೆ ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಭಾರದಷ್ಟು ಒತ್ತಡ. ಕಡಿಮೆಯಾದರೆ ಬೇರಿಂಗ್ ಸಡಿಲ, ಹೆಚ್ಚಾದರೆ ಅದಕ್ಕೆ ಉಸಿರುಕಟ್ಟು. ಕೈಯಂದಾಜು ಇಲ್ಲಿ ನಡೆಯದು. ಕೆಲವು ಕಾರುಗಳಲ್ಲಿ ನಟ್ ಪೂರ್ತಿ ಬಿಗಿಯಾಗುವ ಮೊದಲು ಗಾಡಿಯ ಭಾರ ಬೇರಿಂಗಿನ ಮೇಲೆ ಬೀಳಕೂಡದು. ಆ ಕ್ರಮವನ್ನೂ ಪುಸ್ತಕದಲ್ಲೇ ನೋಡಿಕೊಳ್ಳಿ. ಹೊರಡುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ. ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ನೋಡಿ. ನಕಲ್ ಕಳಚಿದ್ದರೆ ಗಾಲಿಗಳ ಅಲೈನ್‌ಮೆಂಟ್ ಪರೀಕ್ಷಿಸಿಕೊಳ್ಳಿ.

ಪ್ರೆಸ್ಸೂ ಇಲ್ಲ, ಬಿಲ್ಲೆಗಳ ಸೆಟ್ಟೂ ಇಲ್ಲ ಎಂದರೆ? ಆಗ ಸುತ್ತಿಗೆ ಎತ್ತಬೇಡಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆಯೇ ಬಿಟ್ಟು, ನಕಲ್ ಕಳಚಿ, ಹೊಸ ಬೇರಿಂಗಿನ ಜೊತೆ ಚೀಲಕ್ಕೆ ಹಾಕಿ. ಕಮಲಾಪುರದಂಥ ಊರಿನವರಿಗೆ ಹತ್ತಿರದಲ್ಲಿ ಪ್ರೆಸ್ ಸಿಗದಿದ್ದರೆ ಕಲಬುರಗಿ ಬಸ್ಸು ಹತ್ತಿದರಾಯಿತು. ಪ್ರೆಸ್ ಇರುವ ವರ್ಕ್‌ಶಾಪಿನಲ್ಲಿ ಒತ್ತಿಸಿಕೊಂಡು ಬಂದು ಉಳಿದದ್ದನ್ನು ಮನೆಯಲ್ಲೇ ಜೋಡಿಸಬಹುದು. ಒತ್ತುವಾಗ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಈಗ ಬಲ ಯಾವ ಬಳೆಯ ಮೇಲೆ ಬೀಳುತ್ತಿದೆ ಎಂದು ಕೇಳಿ. ಸರಿಯಾದ ಉತ್ತರ ಬಂದರೆ ಭೌತಶಾಸ್ತ್ರದ ಪಾಠ ಪುಸ್ತಕದಿಂದಿಳಿದು ಕೈಗೆ ಬಂದಿದೆ ಎಂದು ತಿಳಿಯಿರಿ. ತಪ್ಪು ಉತ್ತರ ಬಂದರೂ ಚಿಂತೆಯಿಲ್ಲ, ಒತ್ತುವ ಮೊದಲು ಬಂದರೆ ಸಾಕು.