ಮಕ್ಕಳಿಗೆ ಆಡಲೊಂದು ನೆಲ



ಕುಂದಾದ ಇಳಿಜಾರಿನಲ್ಲಿ ಮಕ್ಕಳಿಗೆ ಚೆಂಡಾಡಲು ಸಮನೆಲವಿಲ್ಲ. ತಾಯಂದಿರು ಚಹಾ ಎಲೆ ತೂಗಿಸಿ ಲೈನ್ ಮನೆಗೆ ಮರಳುವವರೆಗೆ ಶಾಲೆ ಬಿಟ್ಟ ಮಕ್ಕಳನ್ನು ಕೇಳುವವರಿಲ್ಲ. ತಂದೆಯ ಕುಡಿತಕ್ಕೆ ಬೆದರಿದ ಮಗುವಂತೂ ಮನೆಗೆ ಹೋಗಲೇ ಅಂಜುತ್ತದೆ.

1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಶಿಶುವಿಹಾರದ ಮಾತಿತ್ತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ, 31ನೆಯ ವಿಧಿಯಲ್ಲಿ, ಆಟವನ್ನೂ ಹಕ್ಕೆಂದಿತು. ಭಾರತ 1992ರಲ್ಲಿ ಅದನ್ನು ಒಪ್ಪಿತು. ಕೂಲಿ, ಬೋನಸ್ಸು ಕೇಳುವಾಗ ನಾವು ಮೈದಾನದ ಮಾತೆತ್ತಿದ್ದು ಅಪರೂಪ. ಈ ತಪ್ಪು ನಮ್ಮದೇ.

ಚೆಂಡು ಕೊಟ್ಟರೆ ಸಾಲದು. ಗಟ್ಟಿ ಹುಡುಗರು ಆಡುತ್ತಾರೆ, ಹುಡುಗಿಯರೂ ಕುಂಟುವ ಮಗುವೂ ಬದಿಯಲ್ಲಿ ನಿಲ್ಲುತ್ತಾರೆ. ಗುರುತಿನ ಹಿರಿಯರೊಬ್ಬರು ಜೊತೆಗಿದ್ದು, ಎಲ್ಲರನ್ನೂ ಆಟಕ್ಕೆ ಸೇರಿಸಿ, ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸಬೇಕು. ಮಳೆಗಾಲದಲ್ಲಿ ದೇವಾಲಯದ ಸಭಾಂಗಣದ ಬೆಂಚು ಸರಿಸಿದರೆ ಕುಂಟೆಬಿಲ್ಲೆಗೆ ಜಾಗವಾದೀತು. ಸರದಿಗೆ ಬರುವವರು ಭಾನುವಾರ ಹೆಸರು ಕೊಡಿ. ಸಂಜೆ ಕಾಟಿಗಳು ಇಳಿಯುವ ಮೊದಲು ಮಕ್ಕಳನ್ನು ಮನೆ ಮುಟ್ಟಿಸುವ ಕೆಲಸವೂ ಅದರಲ್ಲಿ ಸೇರಿದೆ.