ಜಾಲವಿದೆ, ಬೆಸ್ತನೆಲ್ಲಿ?

ಭಾನುವಾರದ ಬಲಿಪೂಜೆ ಮುಗಿಸಿ ಗುರುನಿವಾಸದ ಜಗಲಿಯಲ್ಲಿ ಕುಳಿತರೆ ಹೆತ್ತವರ ಬಾಯಿಂದ ಬರುವ ದೂರು ಈಚೆಗೆ ಒಂದೇ ಬಗೆಯದು. "ಮಕ್ಕಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ ಫಾದರ್. ಮೊಬೈಲು ಕೊಡಿಸಿದ್ದೇವೆ, ಮನೆಗೆ ವೈಫೈ ಹಾಕಿಸಿದ್ದೇವೆ, ಪಾಠದ ಆ್ಯಪಿಗೆ ಕಂತು ಕಟ್ಟುತ್ತಿದ್ದೇವೆ. ಇನ್ನೇನು ಮಾಡುವುದು?" ಈ ಮಾತಿನ ಹಿಂದಿರುವ ನೋವನ್ನು ನಾನು ಬಲ್ಲೆ. ಅಡಿಕೆಗೆ ಕೊಳೆರೋಗ ತಗಲಿದ ವರ್ಷವೂ ಮಕ್ಕಳ ಓದಿನ ಖರ್ಚಿಗೆ ಕತ್ತರಿ ಹಾಕದ ಮನೆಗಳು ಮಡಂತ್ಯಾರಿನ ಸುತ್ತಮುತ್ತ ಎಷ್ಟೋ ಇವೆ. ಆದರೂ ಈ ದೂರಿನಲ್ಲಿ ಅಡಗಿರುವ ತೀರ್ಪನ್ನು ನಾನು ಒಪ್ಪಲಾರೆ. ಆಸಕ್ತಿಯೆಂಬುದು ಮಗುವಿನೊಳಗೆ ಮೊದಲೇ ತುಂಬಿಟ್ಟ ಎಣ್ಣೆಯೆಂದೂ, ಸಾಧನ ಕೈಗಿತ್ತೊಡನೆ ಅದು ಉರಿಯಲೇಬೇಕೆಂದೂ ಈ ತೀರ್ಪು ಭಾವಿಸುತ್ತದೆ. ದೀಪ ಹೊತ್ತದಿದ್ದರೆ ತಪ್ಪು ಮಗುವಿನದೇ ಆಗಿಬಿಡುತ್ತದೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಬಳಿಕ ನಡೆದುದನ್ನು ನೆನೆಯೋಣ. ಅದೇ ಜೂನಿನಲ್ಲಿ ರಾಜ್ಯ ಸರ್ಕಾರ ಸಣ್ಣ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈಯಲ್ಲಿ ಉಚ್ಚ ನ್ಯಾಯಾಲಯ ಆ ನಿಷೇಧಕ್ಕೆ ತಡೆ ನೀಡಿತು. ಮಗು ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಬಹುದೆಂದು ಮನೆಮನೆಗಳಲ್ಲಿ ವಾದ ನಡೆಯಿತು. ಪರದೆಯ ಆಚೆ ಇರುವವರು ಯಾರು, ಅವರು ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ.

ಆ ದಿನಗಳಲ್ಲಿ ಮಡಂತ್ಯಾರು ಪೇಟೆಯಲ್ಲಿ ಸಿಕ್ಕುತ್ತಿದ್ದ ಸಂಪರ್ಕ, ಘಟ್ಟದ ತಪ್ಪಲಿನ ದಿಡುಪೆ, ಶಿಬಾಜೆಗಳ ಕಡೆಗೆ ಹೋದಂತೆ ಕ್ಷೀಣಿಸುತ್ತಿತ್ತು. ಗುಡ್ಡದ ತುದಿಯಲ್ಲಿ ಟಾರ್ಪಾಲು ಕಟ್ಟಿ ಕುಳಿತು ಪಾಠ ಕೇಳಿದ ಮಕ್ಕಳು ನಮ್ಮ ಜಿಲ್ಲೆಯಲ್ಲಿದ್ದರು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶದುದ್ದಕ್ಕೂ ಹರಡಿತು. ಮಳೆ ಸುರಿಯುತ್ತಿದೆ, ಎಸೆಸೆಲ್ಸಿ ಓದುವ ಬಾಲಕಿಯೊಬ್ಬಳು ರಸ್ತೆಯಂಚಿನಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಾರೆ. ಆ ಮಗುವಿಗೆ ಆಸಕ್ತಿ ಇರಲಿಲ್ಲವೆನ್ನಲಾದೀತೇ? ಅದೇ ಹೊತ್ತಿಗೆ ಪೂರ್ಣ ಸಂಪರ್ಕವಿದ್ದ ಪಟ್ಟಣದ ಮನೆಗಳಲ್ಲಿ ಹಾಜರಿ ಹೇಳಿ ಮತ್ತೆ ಹೊದ್ದು ಮಲಗಿದ ಮಕ್ಕಳೂ ಇದ್ದರು. ಸಂಪರ್ಕವೊಂದೇ ಕಲಿಕೆಯ ಹಂಬಲ ಹುಟ್ಟಿಸುವುದಾಗಿದ್ದರೆ ಇದು ತಿರುವುಮುರುವಾಗಬೇಕಿತ್ತು.

ವಿದ್ಯಾವಂತ ವಯಸ್ಕರ ಕತೆಯೂ ಇದಕ್ಕಿಂತ ಬೇರೆಯಲ್ಲ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಕೊನೆ ಮುಟ್ಟಿದವರು ಸುಮಾರು 23,000. ತಾವೇ ಬಯಸಿ ಬಂದವರ ಗತಿ ಇದಾದರೆ, ಹದಿಮೂರು ವರ್ಷದ ಹುಡುಗನನ್ನು ಸೋಮಾರಿಯೆಂದು ಬಯ್ಯುವ ಮೊದಲು ಸ್ವಲ್ಪ ತಡೆಯಬೇಕು.

ನನ್ನದೇ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ವರ್ಷ ನಾನೂ ಧರ್ಮೋಪದೇಶದ ತರಗತಿಯನ್ನು ಮೊಬೈಲಿನಲ್ಲಿ ನಡೆಸಿದೆ. ಪರದೆಯ ತುಂಬ ಕಪ್ಪು ಚೌಕಗಳು. ನಲವತ್ತು ನಿಮಿಷ ಮಾತನಾಡಿ, "ಅರ್ಥವಾಯಿತೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪ್ರಾರ್ಥನೆ ಹೇಳಿ ಮುಗಿಸುತ್ತಿದ್ದೆ. ಒಂದು ದಿನವೂ ತಪ್ಪದೆ ಹಾಜರಿದ್ದ ಹುಡುಗನೊಬ್ಬನನ್ನು ಎಲ್ಲರೆದುರು ಹೊಗಳಿದೆ. ಆತ ಮೊಬೈಲನ್ನು ಅಕ್ಕಿ ಡಬ್ಬದ ಮೇಲಿಟ್ಟು ತೋಟಕ್ಕೆ ಅಡಿಕೆ ಹೆಕ್ಕಲು ಹೋಗುತ್ತಿದ್ದನೆಂದು ಅವನ ತಾಯಿಯೇ ಆಮೇಲೆ ನಗುತ್ತ ತಿಳಿಸಿದರು. ನನಗೆ ನಗು ಬರಲಿಲ್ಲ. ಅಷ್ಟು ದಿನ ನಾನು ಪಾಠ ಹೇಳಿದ್ದು ಅಕ್ಕಿ ಡಬ್ಬಕ್ಕೆ!

ಮರುವಾರದಿಂದ ಪಾಠವನ್ನು ಹತ್ತು ನಿಮಿಷಕ್ಕೆ ಇಳಿಸಿದೆ. ಉಳಿದ ಹೊತ್ತಿನಲ್ಲಿ ದಿನಕ್ಕೆ ಮೂವರಿಗೆ ಕರೆ ಮಾಡಿ, ಮನೆಯ ಕ್ಷೇಮ ವಿಚಾರಿಸಿ, ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆ. ಆ ಅಡಿಕೆ ಹೆಕ್ಕುವ ಹುಡುಗ ಮೊದಲೆರಡು ಸಲ "ಹೌದು ಫಾದರ್" ಎಂಬುದರ ಹೊರತು ಏನೂ ಹೇಳಲಿಲ್ಲ. ಮೂರನೆಯ ಸಲ ಅವನೇ ಕೇಳಿದ: "ಎಮ್ಮಾವು ದಾರಿಯಲ್ಲಿ ಯೇಸುಸ್ವಾಮಿಗೆ ಎಲ್ಲ ಗೊತ್ತಿತ್ತಲ್ಲ, ಮತ್ತೆ ಆ ಶಿಷ್ಯರ ಹತ್ತಿರ ಏನಾಯಿತು ಅಂತ ಯಾಕೆ ಕೇಳಿದರು ಫಾದರ್?" ಲೂಕನ ಶುಭಸಂದೇಶದ 24ನೆಯ ಅಧ್ಯಾಯದ ಮೇಲೆ ಎಷ್ಟು ಪ್ರಬೋಧನೆ ಮಾಡಿದ್ದೇನೋ ಲೆಕ್ಕವಿಲ್ಲ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ತಿಳಿದವನು ತಿಳಿದದ್ದನ್ನು ಬದಿಗಿಟ್ಟು ಮೊದಲು ಕೇಳಿಸಿಕೊಳ್ಳುತ್ತಾನೆ, ಜೊತೆಗೆ ನಡೆಯುತ್ತಾನೆ. ವಿವರಣೆ ಬರುವುದು ಆಮೇಲೆ.

ಸಂತ ಜಾನ್ ಬೋಸ್ಕೊ 1884ರ ಮೇ ತಿಂಗಳಿನಲ್ಲಿ ರೋಮಿನಿಂದ ತನ್ನ ಟ್ಯೂರಿನ್ ವಿದ್ಯಾಲಯಕ್ಕೆ ಬರೆದ ಪತ್ರದ ಅಳಲೂ ಇದೇ. ಹಿಂದೆ ಆಟದ ಬಯಲಿನಲ್ಲಿ ಹುಡುಗರ ನಡುವೆ ಇರುತ್ತಿದ್ದ ಹಿರಿಯರು ಈಗ ದೂರ ನಿಂತು ಮಾತನಾಡಿಕೊಳ್ಳುತ್ತಾರೆ, ಹುಡುಗರು ಮುದುಡಿದ್ದಾರೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂದು ಮಕ್ಕಳಿಗೆ ತಿಳಿಯಬೇಕು ಎಂಬುದು ಆ ಪತ್ರದ ತಿರುಳು. ಬಯಲಿನಲ್ಲೇ ಇಷ್ಟು ದೂರವಾಗಬಹುದಾದರೆ, ಪರದೆಯ ಮೇಲೆ ಆ ದೂರವನ್ನು ಕಳೆಯಲು ಶಿಕ್ಷಕರು ಇಮ್ಮಡಿ ಶ್ರಮಿಸಬೇಕು.

ನನ್ನ ಜಗಳವಿರುವುದು ಇಲ್ಲಿಯೇ. ಪಾಠ ಮೊಬೈಲಿಗೆ ಬಂದಾಗ ಶಿಕ್ಷಕರ ಕೆಲಸ ಕಡಿಮೆಯಾಯಿತೆಂದು ಎಣಿಸಿ ಮೊದಲು ಅವರ ಸಂಬಳಕ್ಕೇ ಕೈಹಾಕಿದ ಆಡಳಿತ ಮಂಡಳಿಗಳು ಇದ್ದವು. ಕ್ರೈಸ್ತ ಸಂಸ್ಥೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಇಂದಿಗೂ ಆ ಲೆಕ್ಕಾಚಾರ ಹೋಗಿಲ್ಲ. ಒಂದು ಸ್ಮಾರ್ಟ್ ಬೋರ್ಡು, ಮುದ್ರಿತ ಪಾಠಗಳು, ಮೂರು ವಿಭಾಗಕ್ಕೆ ಒಬ್ಬರೇ ಶಿಕ್ಷಕಿ! ನೂರೈವತ್ತು ಮಕ್ಕಳ ವಾಟ್ಸ್‌ಆ್ಯಪ್ ಗುಂಪಿಗೆ ಪಿಡಿಎಫ್ ಕಳುಹಿಸುವವರನ್ನು ಶಿಕ್ಷಕರೆಂದು ಕರೆಯುವುದಾದರೆ ಅಂಚೆಯಣ್ಣನಿಗೂ ಆ ಗೌರವ ಸಲ್ಲಬೇಕು.

ಮುದ್ರಿತ ಪಾಠಗಳನ್ನು ನಾನು ಹಳಿಯುತ್ತಿಲ್ಲ. ಭೌತಶಾಸ್ತ್ರದ ಅಧ್ಯಾಪಕರು ಸಿಗದ ಊರಿನ ಹುಡುಗಿಗೆ 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ವಯಂ' ದೊಡ್ಡ ಆಸರೆಯಾಗಬಲ್ಲದು. ಆದರೆ ಅದು ಒಳ್ಳೆಯ ಗ್ರಂಥದಂತೆ. ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು; ಅದು ಬಂತೆಂದು ಕನ್ನಡ ಪಂಡಿತರನ್ನು ಯಾರೂ ಮನೆಗೆ ಕಳುಹಿಸಲಿಲ್ಲ. 2020ರಲ್ಲಿ ಸರ್ಕಾರಕ್ಕೂ ಇದು ಅರಿವಾಯಿತು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿದ್ದರೂ ಆಗಸ್ಟಿನಲ್ಲಿ 'ವಿದ್ಯಾಗಮ' ಯೋಜನೆಯಡಿ ಶಿಕ್ಷಕರನ್ನು ಮಕ್ಕಳ ವಠಾರಗಳಿಗೇ ಕಳುಹಿಸಬೇಕಾಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದ್ದು ಬೇರೆ ಮಾತು.

ಹೆತ್ತವರಿಗೂ ಒಂದು ಮಾತು. ಅಂಕ ಬಂದರೆ ಬೈಕು, ರ‍್ಯಾಂಕ್ ಬಂದರೆ ಹೊಸ ಮೊಬೈಲು ಎಂಬ ಆಮಿಷ ಬೇಡ. ಎಡ್ವರ್ಡ್ ಡೇಸಿ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳ ಆಸಕ್ತಿ ಹಣ ನಿಂತೊಡನೆ ಕುಗ್ಗಿತು. ಬರಿಯ ಮೆಚ್ಚುಗೆಯ ಮಾತು ಕೇಳಿದವರಲ್ಲಿ ಅದು ಉಳಿಯಿತು. ಆ ಮಾತನ್ನಾಡಲು ಎದುರಿಗೆ ಒಬ್ಬ ಮನುಷ್ಯ ಬೇಕು.

ಜಾಲವೆಂದರೆ ಬಲೆ. ಪ್ರಭು ಕರೆದಾಗ ಯಾಕೋಬ ಯೊವಾನ್ನರು ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರೆಂದು ಶುಭಸಂದೇಶ ಹೇಳುತ್ತದೆ. ಬಲೆಯನ್ನು ನೀರಿಗೆಸೆದು ಮನೆಗೆ ಹೋಗಿ ಮಲಗುವ ಬೆಸ್ತನಿಲ್ಲ. ಯಾವ ಕಣ್ಣು ಹರಿದಿದೆ, ಯಾವ ಮಗು ಮೂರು ದಿನದಿಂದ ಮೌನವಾಗಿದೆ ಎಂದು ನೋಡುವುದಕ್ಕೆ ಹೊತ್ತು ಬೇಕು. ಅದನ್ನು ದುಡಿಮೆಯ ಗಂಟೆಯೆಂದೇ ಲೆಕ್ಕ ಹಾಕಬೇಕು, ಸಂಬಳ ಕೊಡಬೇಕು.

ನಾನು ಸಂಚಾಲಕನಾಗಿರುವ ಶಾಲೆಯ ಎರಡನೆಯ ಸ್ಮಾರ್ಟ್ ಬೋರ್ಡಿನ ಕಡತ ಈಗ ನನ್ನ ಮೇಜಿನ ಮೇಲಿದೆ. ವಿಜ್ಞಾನಕ್ಕೆ ಇನ್ನೊಬ್ಬ ಶಿಕ್ಷಕರ ನೇಮಕವಾಗುವವರೆಗೆ ಅದಕ್ಕೆ ಸಹಿ ಹಾಕುವುದಿಲ್ಲವೆಂದು ಸಮಿತಿಗೆ ತಿಳಿಸಿದ್ದೇನೆ. ಕೆಲವರಿಗೆ ಬೇಸರವಾಗಿದೆ.